ಹುಳುಮನೆಗೆ ಎರಡು ಹೊತ್ತು, ಮೈಗೆ ಒಂದು ಹೊತ್ತೂ ಇಲ್ಲ

ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದರೆ ಶಿಡ್ಲಘಟ್ಟದ ಕಡೆ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಹುಳು ಆಮೇಲೆ ಹಸಿವು ತಡೆಯುವುದಿಲ್ಲ. ಆವಲಪ್ಪನ ಹುಳುಮನೆಯ ಗೋಡೆಯಲ್ಲಿ ಒಂದು ಚೀಟಿ ಇತ್ತು. ಬೆಳಿಗ್ಗೆ ಎಷ್ಟು ಶಾಖ, ಸಂಜೆ ಎಷ್ಟು ಶಾಖ ಎಂದು ದಿನವೂ ಬರೆಯುತ್ತಿದ್ದ. ಒಂದು ಡಿಗ್ರಿ ಏರಿದರೂ ಅವನಿಗೆ ಊಟ ಸೇರುತ್ತಿರಲಿಲ್ಲ.

ಅವನ ಮೈಗೆ ಮಾತ್ರ ಇಂಥ ಚೀಟಿ ಇರಲಿಲ್ಲ. ಹೊಟ್ಟೆ ಮುಂದೆ ಬಂದಿತ್ತು, ಸಕ್ಕರೆ ಕಾಯಿಲೆ ಇತ್ತು, ರಕ್ತದಲ್ಲಿ ಕೊಬ್ಬೂ ಜಾಸ್ತಿ. ಬಿಪಿ ನೋಡಿಸುತ್ತಿದ್ದುದು ಗೂಡು ಮಾರಲು ಪೇಟೆಗೆ ಹೋದ ದಿನ ಮಧ್ಯಾಹ್ನ, ಅದೂ ಮಾತ್ರೆ ನುಂಗಿದ ಮೇಲೆ. ಆಗ ಸರಿಯಾಗಿಯೇ ಇರುತ್ತಿತ್ತು. ಊರಿನ ಆಶಾ ಕಾರ್ಯಕರ್ತೆ ಶೋಭಾರಾಣಿ, ಬೆಳಿಗ್ಗೆ ಎದ್ದಾಗಲೂ ನೋಡೋಣ ಎಂದು ಎರಡು ಸಲ ಬಂದಿದ್ದಳು. ಹೊರಗಿನವರು ಬಂದರೆ ಹುಳುವಿಗೆ ರೋಗ ತಗಲುತ್ತದೆ ಎಂದು ಅಂಗಳದಿಂದಲೇ ಕಳಿಸಿದ್ದ. ಈ ಮೊಂಡುತನಕ್ಕೆ ಏನು ಹೇಳೋಣ.

ಆ ಶುಕ್ರವಾರ ಬೆಳಕು ಹರಿಯುವಾಗ ಹಿಪ್ಪುನೇರಳೆ ಸೊಪ್ಪಿನ ಕಂತೆ ಅವನ ಎಡಗೈಯಿಂದ ಜಾರಿಬಿತ್ತು. ಎತ್ತಲು ಹೋದರೆ ಬೆರಳು ಮಾತು ಕೇಳಲಿಲ್ಲ. ಹೆಂಡತಿ ಆದಿಲಕ್ಷ್ಮಮ್ಮ ನೋಡಿದಳು, ಗಂಡನ ಬಾಯಿ ಓರೆಯಾಗಿತ್ತು. ಅವಳು ಶೋಭಾರಾಣಿಗೆ ಫೋನು ಮಾಡಿದಳು. ಶೋಭಾರಾಣಿ ಕೂಡಲೇ 108ಕ್ಕೆ ಹೇಳಿ, ಬಿಪಿ ಮಿಷನ್ ಹಿಡಿದು ಓಡಿಬಂದಳು. ನೂರ ತೊಂಬತ್ತು ದಾಟಿತ್ತು. ಅಷ್ಟರಲ್ಲಿ ಕೈ ಮತ್ತೆ ಆಡತೊಡಗಿತ್ತು.

"ಸರಿಹೋಯ್ತಲ್ಲ ಶೋಭಮ್ಮ. ಹುಳು ಹಸ್ಕೊಂಡವೆ, ಸೊಪ್ಪು ಹಾಕಿ ಬರ್ತೀನಿ," ಎಂದ ಆವಲಪ್ಪ.

"ಸರಿಹೋಗಿಲ್ಲ ಅಣ್ಣ, ಎಚ್ಚರಿಕೆ ಕೊಟ್ಟೈತೆ. ಇನ್ನೊಂದ್ ಸಲ ಆದ್ರೆ ಕೈ ವಾಪಸ್ ಬರ್ದೇ ಇರ್ಬೋದು."

ಆದಿಲಕ್ಷ್ಮಮ್ಮನಿಗೆ ಅಳುವೂ ಬಂತು, ಕೋಪವೂ ಬಂತು. "ಹುಳು ಹೋದ್ರೆ ಇನ್ನೊಂದ್ ಬೆಳೆ ತೆಗೀಬೋದು. ನಿಮ್ಮನ್ನ ಎಲ್ಲಿಂದ ತರಣ?"

ಆವಲಪ್ಪ ಹುಳುಮನೆಯ ಕಡೆ ನೋಡಿದ. ಆಂಬುಲೆನ್ಸಿನ ಸದ್ದು ಹತ್ತಿರವಾಯಿತು. ಕೊನೆಗೆ ಬೀಗದ ಕೈಯನ್ನು ಶೋಭಾರಾಣಿಯ ಕೈಗಿಟ್ಟ. "ಬಾಗಿಲಲ್ಲಿ ಸುಣ್ಣ ತುಳ್ದು, ಕೈ ತೊಳ್ಕೊಂಡು ಹೋಗಮ್ಮ," ಎಂದ.

ಆಸ್ಪತ್ರೆಯಲ್ಲಿ ಡಾಕ್ಟರು ಅವನಿಗೂ ಜೊತೆಗೆ ಹೋಗಿದ್ದ ಆದಿಲಕ್ಷ್ಮಮ್ಮನಿಗೂ ಬಿಡಿಸಿ ಹೇಳಿದರು. ಆರೋಗ್ಯವಂತರಿಗೆ ನಿದ್ದೆಯಲ್ಲಿ ಬಿಪಿ ಇಳಿಯುತ್ತದೆ, ಏಳುವಾಗ ಏರುತ್ತದೆ. ಹೊಟ್ಟೆಯ ಬೊಜ್ಜು, ಸಕ್ಕರೆ, ಕೊಬ್ಬು ಸೇರಿಕೊಂಡ ಹಲವರಿಗೆ ರಾತ್ರಿಯೂ ಇಳಿಯುವುದಿಲ್ಲ. ರಕ್ತನಾಳಕ್ಕೆ ಬಿಡುವೇ ಇಲ್ಲದೆ, ತೋಟದಲ್ಲಿ ಬಿಸಿಲಿಗೆ ಒಣಗಿದ ಡ್ರಿಪ್ ಪೈಪಿನ ಹಾಗೆ ಅದು ಗಡುಸಾಗುತ್ತದೆ. ಬೆಳಗಿನ ಏರಿಕೆಯಲ್ಲಿ ಲಕ್ವ ಹೊಡೆಯುವ ಅಪಾಯ ಹೆಚ್ಚು. ಮಾತ್ರೆ ನುಂಗಿ ಮಧ್ಯಾಹ್ನ ನೋಡಿದರೆ ಆ ಏರಿಕೆ ಕಾಣುವುದಿಲ್ಲ.

ಐದನೇ ದಿನ ಅವನು ಮನೆಗೆ ಬಂದಾಗ ಹುಳು ಗೂಡು ಕಟ್ಟುತ್ತಿದ್ದವು. ಗೋಡೆಯ ಚೀಟಿಯಲ್ಲಿ ಎರಡೂ ಹೊತ್ತಿನ ಶಾಖವನ್ನು ಶೋಭಾರಾಣಿ ತಪ್ಪದೆ ಬರೆದಿದ್ದಳು. ಪಕ್ಕದಲ್ಲಿ ಇನ್ನೊಂದು ಖಾಲಿ ಚೀಟಿ, ಮೇಲೆ 'ಆವಲಪ್ಪಣ್ಣನ ಬಿಪಿ' ಎಂದಿತ್ತು. ಮರುದಿನ ಬೆಳಿಗ್ಗೆ ಶೋಭಾರಾಣಿ ಮಿಷನ್ ತಂದಾಗ ಅವನೇ ಕುರ್ಚಿ ಎಳೆದು ಕೂತು ತೋಳು ಚಾಚಿದ. ಎಡಗೈಯಲ್ಲಿ ಚೀಟಿ ಒತ್ತಿಹಿಡಿದು, ಬಲಗೈಯಲ್ಲಿ ಮೊದಲ ಸಾಲು ಬರೆದ.

ನೀವೂ ಮಧ್ಯಾಹ್ನದ ಒಂದು ಬಿಪಿಯನ್ನು ನಂಬಿ ಕೂರಬೇಡಿ. ಬೆಳಿಗ್ಗೆ ಕಾಫಿಗೂ ಮಾತ್ರೆಗೂ ಮೊದಲು, ಐದು ನಿಮಿಷ ಸುಮ್ಮನೆ ಕೂತು ನೋಡಿಕೊಳ್ಳಿ. ಸಂಜೆಯೂ ನೋಡಿ. ಒಂದು ವಾರ ಬರೆದು ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನಾಗಲಿ ಅದರ ಹೊತ್ತನ್ನಾಗಲಿ ನೀವೇ ಬದಲಿಸಬೇಡಿ. ಬಾಯಿ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಆಗಲೇ 108ಕ್ಕೆ ಫೋನು ಮಾಡಿ. ತಾನಾಗಿ ಸರಿಹೋದರೂ ಆಸ್ಪತ್ರೆಗೆ ಹೋಗಿ. ಹುಳುವಿಗೆ ಸೊಪ್ಪು ಹಾಕಲು ಊರಲ್ಲಿ ಯಾರಾದರೂ ಸಿಗುತ್ತಾರೆ.