ಲೊರೀನಾಗೆ ನಲವತ್ತು ನಿಮಿಷ

ಶವಸಂಸ್ಕಾರದ ಮರುದಿನ ಬೆಳಿಗ್ಗೆ ಗಂಡನ ಕಾರನ್ನು ಖಾಲಿ ಮಾಡಿದೆ. ಎಮೆಟ್ ನ್ಯಾಚೆಜ್‌ಗೆ ಬಂದವರಿಗೆ ಊರು ತೋರಿಸುತ್ತಿದ್ದ. ಮೂವತ್ನಾಲ್ಕಕ್ಕೇ ಹೃದಯ ನಿಂತು ಹೋದ. ಕಾರಿನಲ್ಲಿ ಸಿಕ್ಕ ಅವನ ಸುತ್ತಾಟದ ಪಟ್ಟಿಯಲ್ಲಿ ಮಿಸಿಸಿಪ್ಪಿ ನದಿಯ ದಂಡೆಗೆ ಹತ್ತು ನಿಮಿಷ, ಹಳೆಯ ಸ್ಮಶಾನಕ್ಕೆ ಹದಿನೈದು, ‘ಲೊರೀನಾ’ಗೆ ನಲವತ್ತು. ಡಿಕ್ಕಿಯಲ್ಲಿ ಅದೇ ಹೆಸರು ಬರೆದ ಮಡಚುವ ಕುರ್ಚಿಯಿತ್ತು.

ಪಕ್ಕದ ಮನೆಯ ಮಿಸ್ ಯೂಲಾರನ್ನು ಕೇಳಿದೆ.

“ಲೊರೀನಾನಾ? ನದಿ ಮೆಟ್ಟಿಲ ಮೇಲಿನ ಮನೇಲಿ ಪೀಚ್ ಹಣ್ಣಿನ ಪೈ ಮಾರ್ತಾಳಲ್ಲ, ಅವಳು. ಗಂಡಸ್ರಿಗೆ ಅವಳ ಪೈ ಅಂದ್ರೆ ಪ್ರಾಣ,” ಎಂದು ನಕ್ಕವರು ತಟ್ಟನೆ ಬಾಯಿ ಮುಚ್ಚಿಕೊಂಡರು.

ಕುರ್ಚಿ ಹೊತ್ತು ಅವಳ ಮನೆಗೆ ಹೋದೆ. ಬಾಗಿಲು ತೆರೆದವಳು ನನ್ನದೇ ವಯಸ್ಸಿನವಳು, ಚೆಲುವೆ. ಅತ್ತ ಕಣ್ಣುಗಳು.

“ನಲವತ್ತು ನಿಮಿಷ ಇಲ್ಲೇನು ಮಾಡ್ತಿದ್ದ?” ಎಂದೆ.

“ಬಂದೋರು ಪೈ ತಿನ್ನೋರು, ಅವ್ನು ಒಳಗೆ ಮಲಗೋನು. ಮೆಟ್ಟಿಲು ಹತ್ತಿದ್ರೆ ಎದೆ ಹಿಡ್ಕೊಳ್ಳೋದು ಕಣ್ರೀ. ಡಾಕ್ಟರ ಹತ್ರ ಹೋಗೋ ಅಂತ ಬೈದೆ. ಹೋಗ್ಲಿಲ್ಲ, ದಾರೀಲಿ ಕೂರೋಕೆ ಅಂತ ಈ ಕುರ್ಚಿ ಇಸ್ಕೊಂಡ.”

“ನನಗೆ ಹೇಳಲೇ ಇಲ್ಲ.”

“ನಿಮಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದ.”

ಇನ್ನೂ ಎಷ್ಟು ಆಣೆಗಳಿವೆಯೋ ಎಂದು ಅವಳ ಮುಖ ನೋಡಿದೆ. ಅವಳು ಕಣ್ಣು ತಗ್ಗಿಸಲಿಲ್ಲ. ಕುರ್ಚಿಯನ್ನು ಅವಳ ಕೈಗೆ ಕೊಟ್ಟೆ.