ಬ್ರೇಕಿನೊಳಗಿನ ಗಾಳಿ

ಕ್ರೇನಿಗೆ ಕಟ್ಟಿ ಭಾಲ್ಕಿಯಿಂದ ಎಳೆದು ತಂದ ಜೀಪನ್ನು ನೌಬಾದದ ಗ್ಯಾರೇಜಿನ ಮುಂದೆ ಇಳಿಸಿದಾಗ ಮೆಕ್ಯಾನಿಕ್ ಖಾಜಾ ಮಿಯಾನಿಗೆ ಅದರ ಕಡೆ ನೋಡುವ ಧೈರ್ಯವಾಗಲಿಲ್ಲ. ಜೊತೆಗೆ ಬಂದ ಮಹಾಮಾಯಾಳನ್ನು ನೋಡಿದ. ಗಂಡ ಸತ್ತ ಏಳು ತಿಂಗಳಲ್ಲಿ ಹುಡುಗಿ ಅರ್ಧವಾಗಿದ್ದಳು.

ಜೀಪು ಅವಳ ಗಂಡ ಅಶ್ವಜಿತನದು. ಭಾಲ್ಕಿಯ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ ಅವನಿಗೆ ಈ ಹಳೆಯ ಗಾಡಿಯೆಂದರೆ ಜೀವ. ಎತ್ತರ ಮಾಡಿಸಿದ್ದ, ದೊಡ್ಡ ಟಾಯರು ಹಾಕಿಸಿದ್ದ, ಭಾನುವಾರ ಬಂದರೆ ಹಳ್ಳ, ಕಲ್ಲುಬಂಡೆ ಎನ್ನದೆ ಹತ್ತಿಸುತ್ತಿದ್ದ. ಟಾಯರು ದೊಡ್ಡವಾದ ಮೇಲೆ ಹಳೆಯ ಬ್ರೇಕು ಸಾಲದೆಂದು ಖಾಜಾ ಮಿಯಾನ ಕೈಯಿಂದಲೇ ಮುಂದಿನ ಎರಡು ಚಕ್ರಗಳಿಗೆ ಬೇರೆ ಗಾಡಿಯ ಡಿಸ್ಕ್ ಬ್ರೇಕು ಕೂಡಿಸಿಕೊಂಡ. ಎರಡು ತಿಂಗಳ ನಂತರ ಔರಾದ ಹತ್ತಿರದ ಇಳಿಜಾರಿನಲ್ಲಿ ಜೀಪು ತಿರುವು ಬಿಟ್ಟು ತಗ್ಗಿಗೆ ಬಿತ್ತು. ಅವನು ಅಲ್ಲೇ ಹೋದ.

ಅವತ್ತು ಮಹಾಮಾಯಾ ಔರಾದಿನ ತವರಿನಲ್ಲಿದ್ದಳು. ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. "ಲಗೂ ಬರ್ರಿ" ಎಂದು ಗಂಡನಿಗೆ ಮೂರು ಸಲ ಫೋನು ಮಾಡಿದ್ದಳು. ಅದು ಮಾವ ಪಂಢರಿಗೆ ಗೊತ್ತಾಯಿತು. "ನೀ ಗಡಬಡ ಮಾಡಿದಿ, ಅಂವಾ ಜೋರ್ ಹೊಡದ" ಎಂದು ಮಣ್ಣಾದ ದಿನ ಒಂದೇ ಮಾತು ಹೇಳಿದವನು ಆಮೇಲೆ ಸೊಸೆಯ ಜೊತೆ ಮಾತು ಬಿಟ್ಟ. ಒಂದೇ ಮನೆಯಲ್ಲಿ, ಒಂದೇ ಒಲೆಯ ಅಡಿಗೆ ಉಂಡು.

ಈಗ ಜೀಪನ್ನು ಗುಜರಿಗೆ ಹಾಕುವ ಮಾತು ಬಂದಿತ್ತು.

"ಚಾಚಾ, ಅವತ್ತು ಮುಂಜಾನಿ ಅವರು ಫೋನಿನ್ಯಾಗ ಒಂದ್ ಮಾತ್ ಅಂದಿದ್ರು" ಎಂದಳು ಮಹಾಮಾಯಾ. "ಬ್ರೇಕ್ ಪೆಡಲ್ ಕೆಳಗ ಹೋಗಲತ್ತದ, ಮೂರ್ ಸಲ ತುಳದ್ರ ಬರ್ತದ ಅಂತ. ನಾ ಯಾರಿಗ್ ಹೇಳಿದ್ರೂ ನಂಬಲಿಲ್ಲ. ಗುಜರಿಗಿ ಹೋಗೂದ್ರೊಳಗ ಒಂದ್ ಸಲ ನೋಡ್ರಿ. ನನ್ನ ಸಲುವಾಗಿ."

ಖಾಜಾ ಮಿಯಾ ಬಾನೆಟ್ಟಿನ ಬಗ್ಗಿದ ತಗಡನ್ನು ಕಬ್ಬಿಣದ ಸಬ್ಬಲಿನಿಂದ ಮೀಟಿ ಎಬ್ಬಿಸಿದ. ಬ್ರೇಕ್ ಎಣ್ಣೆಯ ಡಬ್ಬಿ ತುಂಬಿತ್ತು. ಪೈಪುಗಳನ್ನು ಒಂದೊಂದಾಗಿ ಬೆರಳಿನಿಂದ ಒರೆಸಿ ನೋಡಿದ. ಎಲ್ಲಿಯೂ ಸೋರಿಕೆಯಿಲ್ಲ. ಬಲಗಡೆಯ ಬಾಗಿಲು, ಛಾವಣಿ ನುಜ್ಜುಗುಜ್ಜಾಗಿದ್ದರೂ ಮುಂದಿನ ಚಕ್ರಗಳು ನೆಟ್ಟಗಿದ್ದವು. ಕೈಯಿಂದ ಪೆಡಲ್ ಒತ್ತಿದ. ಬೆಣ್ಣೆಯಲ್ಲಿ ಬೆರಳಿಟ್ಟಂತೆ ಕೆಳಗೆ ಹೋಯಿತು. ಮೂರನೆಯ ಸಲ ಗಟ್ಟಿಯಾಯಿತು.

"ಒಳಗ ಗಾಳಿ ಅದ ಬೇಟಿ. ತೆಗೀಬೇಕು. ಯಾರರ ಕುಂತು ತುಳೀಬೇಕು."

ಅವಳೇ ಗಂಡನ ಸೀಟಿನಲ್ಲಿ ಕುಳಿತಳು. ಕಾಲು ಪೆಡಲಿಗೆ ಮುಟ್ಟಲಿಲ್ಲ. ತುದಿಗೆ ಸರಿದು ಸ್ಟೇರಿಂಗ್ ಹಿಡಿದುಕೊಂಡಳು. ಕೆಳಗಿನಿಂದ ಅವನು "ತುಳಿ" ಎನ್ನುತ್ತಿದ್ದ, "ಹಿಡಿ" ಎನ್ನುತ್ತಿದ್ದ. ಗಾಳಿ ಬಿಡುವ ನಿಪ್ಪಲನ್ನು ಕೈತಡವಿ ಸಡಿಲಿಸಿದಾಗಲೆಲ್ಲ ಸಣ್ಣ ಪೈಪಿನಲ್ಲಿ ಎಣ್ಣೆ ಬಂತು, ಗುಳ್ಳೆ ಬರಲಿಲ್ಲ. ಎಡಕ್ಕೂ ಹಾಗೇ, ಬಲಕ್ಕೂ ಹಾಗೇ. ಇಪ್ಪತ್ತು ಸಲ ತುಳಿದ ಮೇಲೂ ಪೆಡಲ್ ಮೆತ್ತಗೇ ಇತ್ತು.

ಗಾಳಿ ಇದೆ, ಹೊರಗೆ ಬರುತ್ತಿಲ್ಲ. ಖಾಜಾ ಮಿಯಾ ಚಕ್ರ ಬಿಚ್ಚಿ, ಬ್ಯಾಟರಿ ಹಚ್ಚಿಕೊಂಡು ಮತ್ತೆ ಗಾಡಿಯ ಕೆಳಗೆ ಮಲಗಿದ. ಆಗ ಕಂಡಿತು. ಎಡಗಡೆಯ ಬ್ರೇಕು ಬಲಕ್ಕೆ, ಬಲಗಡೆಯದು ಎಡಕ್ಕೆ ಕೂಡಿಸಲಾಗಿತ್ತು. ನಿಪ್ಪಲ್ ಮೇಲಿರಬೇಕು, ಇಲ್ಲಿ ಕೆಳಗಿತ್ತು. ಗಾಳಿ ಮೇಲೆ ಹೋಗಿ ಕೂರುತ್ತದೆ, ಕೆಳಗಿನ ತೂತಿನಿಂದ ಎಣ್ಣೆ ಮಾತ್ರ ಬರುತ್ತದೆ. ನೂರು ಸಲ ತೆಗೆದರೂ ಆ ಗಾಳಿ ಹೋಗುವುದಿಲ್ಲ.

ಕೂಡಿಸಿದವನು ತಾನು. ಅಶ್ವಜಿತ ಪೆಡಲ್ ಮೆತ್ತಗಿದೆಯೆಂದು ಮರಳಿ ಬಂದಾಗ, "ಹೊಸಾ ಬ್ರೇಕ್ ಅವ ಸರ್, ನಾಕ್ ದಿನ ಓಡಸ್ರಿ, ಸೆಟ್ ಆಗ್ತಾವ" ಎಂದವನೂ ತಾನೇ. ಮೂವತ್ತು ವರ್ಷದ ಕೈಯೆಂಬ ಸೊಕ್ಕಿನಲ್ಲಿ ಬಗ್ಗಿ ನೋಡಿರಲಿಲ್ಲ.

ಅವನು ಬಹಳ ಹೊತ್ತು ಗಾಡಿಯ ಕೆಳಗಿನಿಂದ ಏಳಲಿಲ್ಲ. ಬಿದ್ದಾಗ ಕೆಟ್ಟಿದೆ ಎಂದರೆ ಮುಗಿಯಿತು, ಅವಳಿಗೇನು ತಿಳಿಯುತ್ತದೆ. ಗಾಡಿ ನಾಳೆ ಗುಜರಿಗೆ ಹೋಗುತ್ತದೆ.

"ಚಾಚಾ, ಏನಾತ್ರಿ?"

ಎದ್ದು ಬಂದ. ಕೈ ಒರೆಸಿಕೊಳ್ಳಲಿಲ್ಲ. "ಅಂವಾ ಜೋರ್ ಹೊಡದಿಲ್ಲ ಬೇಟಿ. ನೀನೂ ಏನೂ ಮಾಡಿಲ್ಲ. ನಾ ಉಲ್ಟಾ ಕೂಡಿಸೀನಿ. ನನ್ನ ಕೈಲೆ ಆಗ್ಯಾದ."

ಅವಳು ಸೀಟಿನಿಂದ ಇಳಿಯಲಿಲ್ಲ. ಸ್ಟೇರಿಂಗ್ ಬಿಡಲೂ ಇಲ್ಲ. "ಇದೇ ಮಾತು ನಮ್ಮ ಮಾವಗ ಬಂದು ಹೇಳ್ತೀರೇನ್ರಿ?" ಎಂದು ಕೇಳಿದಳು.

ಮರುದಿನ ಮಧ್ಯಾಹ್ನ ಖಾಜಾ ಮಿಯಾ ಭಾಲ್ಕಿಗೆ ಹೋದ. ಮಹಾಮಾಯಾಳ ಅತ್ತೆ ಶಾಲುಬಾಯಿ ನೀರು ತಂದಿಟ್ಟಳು. ಅವನು ಮುಟ್ಟಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದ, ನಿಪ್ಪಲ್ ಎಲ್ಲಿರಬೇಕಿತ್ತು, ಎಲ್ಲಿತ್ತು ಎಂದು ಕೈಯಿಂದ ತೋರಿಸಿ.

ಪಂಢರಿ ಕೇಳಿದ್ದು ಒಂದೇ. "ನಿನಗ ಆವಾಗ ಗೊತ್ತಿತ್ತೇನು?"

"ಇಲ್ರಿ. ನೋಡಿದ್ರ ಗೊತ್ತಾಗ್ತಿತ್ರಿ. ನೋಡ್ಲಿಲ್ರಿ. ಠಾಣೇಕ್ ಹೋಗಿ ಬರದ್ ಕೊಡ್ತೇನ್ರಿ."

"ಹೋಗು" ಎಂದ ಪಂಢರಿ. ಅದು ಠಾಣೆಗೆ ಹೋಗೆಂದೋ, ಕಣ್ಣ ಮುಂದಿನಿಂದ ಹೋಗೆಂದೋ ತಿಳಿಯಲಿಲ್ಲ. ಖಾಜಾ ಮಿಯಾ ಅಂದೇ ಠಾಣೆಗೆ ಹೋಗಿ ಬರೆದುಕೊಟ್ಟ. ಅಂದಿನಿಂದ ಬ್ರೇಕಿನ ಕೆಲಸ ಬಂದರೆ ಬೇರೆ ಗ್ಯಾರೇಜಿಗೆ ಕಳಿಸುತ್ತಾನೆ. ಕೇಸು ಇನ್ನೂ ನಡೆದಿದೆ.

ಖಾಜಾ ಮಿಯಾ ಬಂದುಹೋದ ಆ ಸಂಜೆ ಪಂಢರಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ. ಮಹಾಮಾಯಾ ರೊಟ್ಟಿ ಬಡಿಯುತ್ತಿದ್ದಳು.

"ಮಾಯಾ" ಎಂದ. "ನನ್ನ ಮಗ ಹೋದ ಸಿಟ್ಟು ನಿನ್ನ ಮ್ಯಾಲ ತೆಗದೆನವ್ವಾ."

"ನನಗೂ ಹಂಗೇ ಅನಸ್ತಿತ್ರಿ ಮಾಮಾ" ಎಂದಳು ಅವಳು. "ನಾನೇ ಕೊಂದೀನಿ ಅಂತ, ಏಳ್ ತಿಂಗಳು ದಿನಾ ಅನಸ್ತಿತ್ತು. ಈಗ ಅಲ್ಲ ಅಂತ ಗೊತ್ತಾತು. ಆದ್ರ ಮನಸ ಹಗರಾಗಲಿಲ್ರಿ. ಆವಾಗರ ನನ್ನ ಮ್ಯಾಲ ಸಿಟ್ಟ ಮಾಡ್ಲಿಕ್ಕ ಬರ್ತಿತ್ತು. ಈಗ ಬರೇ ಅವರಿಲ್ಲ, ಅಷ್ಟೇ ಉಳದದ."

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಪಂಢರಿ ಒಳಗೆ ಬಂದು ಅದನ್ನು ತಿರುವಿ ಹಾಕಿದ. ಆಮೇಲೆ ಒಲೆಯ ಮುಂದೆ ಸೊಸೆಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಮಣ್ಣಾದ ದಿನವೂ ಅಳದಿದ್ದ ಮುದುಕ, ಮುಖಕ್ಕೆ ಧೋತರದ ಚುಂಗು ಒತ್ತಿಕೊಂಡು ಅತ್ತ.