ನಾಳೆ ಹೇಳಬೇಕಿದ್ದ ಪಾಠ

"ಕುಣಿಯೊಳಗ ಇಡೂಕಿಂತ ಮದಲ ಒಂದೀಟು ನೋಡ್ರಿ ಮೇಡಮ್ಮಾರ," ಎಂದು ಮುದುಕಮ್ಮ ಸೆರಗಿನೊಳಗಿಂದ ಸತ್ತ ಗಂಡ ದ್ಯಾವಪ್ಪನ ನೋಟ್‌ಬುಕ್ಕು ತೆಗೆದು ಅಮರೇಶ್ವರಿಯ ಕೈಗಿಟ್ಟಳು. ಸತ್ತವರ ಜೊತೆ ಅವರ ಇಷ್ಟದ್ದೊಂದು ಇಡುವುದು ಬಳಗಾನೂರಿನ ಆ ಮನೆಯವರ ಪದ್ಧತಿ. "ಬೀಡಿ ಸೇದ್ಲಿಲ್ಲ, ಎಲಿ ಹಾಕ್ಲಿಲ್ಲ. ಇದನ್ನ ಹಿಡ್ಕೊಂಡು ಕುಂದರ್ತಿದ್ರು. ಸರಿ ಐತೋ ತಪ್ಪೈತೋ ಹೇಳ್ರಿ."

ದ್ಯಾವಪ್ಪ ಸಿಂಧನೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಅಟೆಂಡರ್. ಅಲ್ಲಿಂದ ಮಣ್ಣಿಗೆ ಬಂದವಳು ಗಣಿತದ ಲೆಕ್ಚರರ್ ಅಮರೇಶ್ವರಿ ಒಬ್ಬಳೇ. ಉಳಿದವರು ವಾಟ್ಸಾಪಿನಲ್ಲಿ ಕೈಮುಗಿದು ಕೈತೊಳೆದುಕೊಂಡಿದ್ದರು.

ಆ ನೋಟ್‌ಬುಕ್ಕನ್ನು ಅವಳು ಹಿಂದೆ ಎರಡು ಸಲ ಕಂಡಿದ್ದಳು.

*

ಅವಳು ತರಗತಿಯಲ್ಲಿ ಅನುಕಲನ, ಅಂದರೆ ಇಂಟಿಗ್ರೇಶನ್, ಶುರು ಮಾಡಿದ ದಿನ. ಬೋರ್ಡು ಒರೆಸಲು ಬಂದ ದ್ಯಾವಪ್ಪ ಡಸ್ಟರ್ ಹಿಡಿದು ಹಾಗೇ ನಿಂತಿದ್ದ.

"ಎಕ್ಸ್ ಸ್ಕ್ವೇರ್‌ನಿಂದ ಟು ಎಕ್ಸ್ ಬರ್ತೈತಿ. ಈಗ ಟು ಎಕ್ಸ್‌ನಿಂದ ಎಕ್ಸ್ ಸ್ಕ್ವೇರ್‌ಗೆ ತಿರುಗಿ ಹೋಗೂದು. ಹೌದಲ್ರೀ?"

ಅವಳು ದಂಗಾದಳು. "ಹೌದ್ರೀ. ಆದ್ರ ಇನ್ನೊಂದು ಮಾತೈತಿ. ನಾಳೆ ಹೇಳ್ತೀನಿ."

"ಇವತ್ತಿಗೆ ನನ್ನ ಸರ್ವೀಸ್ ಮುಗೀತ್ರಿ."

"ಆದ್ರೇನು, ಬರ್ರಿ."

ಬಂದ. ನೋಟ್‌ಬುಕ್ಕು ಹಿಡಿದು ಎರಡು ಸಲ ಬಸ್ಸು ಹತ್ತಿ ಬಂದ. ಒಮ್ಮೆ ಅವಳಿಗೆ ಪರೀಕ್ಷೆ ಡ್ಯೂಟಿ, ಒಮ್ಮೆ ಮೀಟಿಂಗು. ಎರಡೂ ಸಲ ಅವಳು "ನಾಳೆ" ಎಂದಳು. ಮೂರನೆಯ ಸಲ ಅವನು ಬರಲಿಲ್ಲ, ಅವಳೂ ಕೇಳಲಿಲ್ಲ.

*

ಪುಟ ತಿರುವಿದಳು. ದುಂಡನೆಯ ಅಕ್ಷರ. ಪ್ರತಿ ಸಾಲಿನ ಕೊನೆಗೆ ಟಿಕ್ಕಿಗೆಂದು ಬಿಟ್ಟ ಜಾಗ. ಎಲ್ಲ ಉತ್ತರವೂ ಸರಿ, ಎಲ್ಲದರಲ್ಲೂ ಒಂದೇ ಕೊರತೆ. ಎಕ್ಸ್ ಸ್ಕ್ವೇರ್‌ನಿಂದ ಟು ಎಕ್ಸ್‌ಗೆ ಹೋಗುವಾಗ ಪಕ್ಕದಲ್ಲಿದ್ದ ಒಂಟಿ ಸಂಖ್ಯೆ ಅಳಿಸಿಹೋಗುತ್ತದೆ. ತಿರುಗಿ ಬರುವಾಗ ಅದು ಎಷ್ಟಿತ್ತೆಂದು ಯಾರಿಗೂ ತಿಳಿಯದು. ಇರಲೇ ಇಲ್ಲವೆನ್ನಲೂ ಬಾರದು, ಕೂಡು ಚಿಹ್ನೆ ಹಾಕಿ 'ಸಿ' ಎಂದು ಬರೆಯಬೇಕು. ಬರೆಯದ ಹುಡುಗರಿಗೆ ಅವಳು ಮುಲಾಜಿಲ್ಲದೆ ಅಂಕ ಕಡಿಯುತ್ತಿದ್ದಳು. ನಾಳೆಯ ಪಾಠ ಅದೇ ಆಗಿತ್ತು.

"ತಪ್ಪೈತೇನ್ರೀ?" ಮುದುಕಮ್ಮ ಪುಟದ ಮೇಲೆ ಬಗ್ಗಿದಳು.

"ಅವ್ರದಲ್ಲವ್ವಾ, ನಂದು."

ಕೆಂಪು ಪೆನ್ನು ತೆಗೆದು ಅಗೆದ ಮಣ್ಣಿನ ಮೇಲೇ ಕುಳಿತಳು. ಮೊದಲ ಸಾಲಿಗೆ ಸಿ, ಬಿಟ್ಟ ಜಾಗದಲ್ಲಿ ಟಿಕ್ಕು. ಎರಡನೆಯದಕ್ಕೂ ಸಿ. ಕಣ್ಣು ಮಂಜಾಗಿ ಸಾಲು ತಪ್ಪುತ್ತಿತ್ತು.

"ಹೊತ್ತಾತ್ರೀ, ಬಿಸಲು ಏರಾಕತ್ತೈತಿ," ಎಂದ ಮುದುಕಮ್ಮನ ಮೈದುನನ ಮಗ ಹುಲಿಗೇಶ, ಸಲಿಕೆ ಹಿಡಿದು.

"ಸುಮ್ಕಿರಲೇ!" ಮುದುಕಮ್ಮ ಗದರಿದಳು. "ಮೇಡಮ್ಮಾರು ಪಾಠ ಹೇಳಾಕತ್ಯಾರ."

ಕೊನೆಯ ಸಾಲಿಗೂ ಟಿಕ್ಕು ಬಿತ್ತು. ನೋಟ್‌ಬುಕ್ಕು ದ್ಯಾವಪ್ಪನ ಎದೆಯ ಮೇಲೆ ಕುಳಿತಿತು. ಹುಲಿಗೇಶ ಸಲಿಕೆ ಎತ್ತಿದ.

"ತಡಿಯೋ," ಎಂದು ಮುದುಕಮ್ಮ ಸೊಂಟದ ಚೀಲಕ್ಕೆ ಕೈ ಹಾಕಿದಳು. ಕಡ್ಡಿಗೆ ದಾರ ಸುತ್ತಿದ ಗಂಡನ ಓದುವ ಚಾಳೀಸನ್ನು ತೆಗೆದು, ಸೆರಗಿನಿಂದ ಎರಡೂ ಗಾಜು ಒರೆಸಿ, ನೋಟ್‌ಬುಕ್ಕಿನ ಮೇಲೆ ಇಟ್ಟಳು.